ತಲೆದಂಡ: ಕೊಂದವರನ್ನು ಬಿಟ್ಟು ಮದುವೆಯನ್ನು ಬೈಯೋದು ಇನ್ನೆಷ್ಟು ದಿನ?

 

ಕಳೆದ ಭಾನುವಾರ ನಮ್ಮೂರಿನ ಕಾಲೇಜು ಹುಡುಗರು ಗಿರೀಶ ಕಾರ್ನಾಡರ 'ತಲೆದಂಡ' ಆಡಿದರು. ಬಾಡಿಗೆ ಬಟ್ಟೆ, ಆಗಾಗ ಕೈಕೊಡುವ ಮೈಕು, ಆದರೂ ಚೆನ್ನಾಗಿಯೇ ಮಾಡಿದರು. ಮುಗಿದ ಮೇಲೆ ಸಂವಾದ ಇತ್ತು. ಕಲ್ಯಾಣದ ಸಾವುಗಳಿಗೆ ಹೊಣೆ ಯಾರು ಅನ್ನೋ ಪ್ರಶ್ನೆ ಬಂತು. ನಿವೃತ್ತ ಮೇಷ್ಟ್ರೊಬ್ಬರು ಎದ್ದು ಹೇಳಿದರು: "ಬಸವಣ್ಣನವರು ಅವಸರ ಮಾಡಿಬಿಟ್ರು. ಸಮಾಜ ಇನ್ನೂ ತಯಾರಿರಲಿಲ್ಲ. ಆ ಮದುವೆ ಒಂದು ಆಗದೇ ಇದ್ದಿದ್ರೆ ಅಷ್ಟೊಂದು ಜೀವ ಉಳೀತಿತ್ತು."

ಸಭೆ ತಲೆದೂಗಿತು. ನಮ್ಮ ಜೊತೆ ಧರಣಿಗೆ ಕೂರುವ ಇಬ್ಬರು ಗೆಳೆಯರೂ ತಲೆದೂಗಿದರು. ಅದು ಹೆಚ್ಚು ಚುಚ್ಚಿತು.

ನಾನು ಅವತ್ತು ಬಾಯಿ ಬಿಡಲಿಲ್ಲ. ಯಾಕೆ ಅಂತ ಆಮೇಲೆ ಹೇಳ್ತೀನಿ. ಮೊದಲು ನಾಟಕದ ಲೆಕ್ಕ ಚುಕ್ತಾ ಮಾಡೋಣ.

ನೋಡದವರಿಗೆ ಕಥೆ ಇಷ್ಟು. 12ನೇ ಶತಮಾನದ ಕಲ್ಯಾಣ. ರಾಜ ಬಿಜ್ಜಳ. ಸಮಗಾರ ಹರಳಯ್ಯ, ಬ್ರಾಹ್ಮಣ ಮಧುವರಸ, ಇಬ್ಬರೂ ಶರಣರು. ಹರಳಯ್ಯನ ಮಗ ಶೀಲವಂತನಿಗೂ ಮಧುವರಸನ ಮಗಳು ಕಲಾವತಿಗೂ ಮದುವೆ ಗೊತ್ತಾಗುತ್ತದೆ. ಊರು ಹೊತ್ತಿಕೊಳ್ಳುತ್ತದೆ. ರಾಜಕುಮಾರ ಸೋವಿದೇವ, ಪುರೋಹಿತ ದಾಮೋದರ ಭಟ್ಟ ಮತ್ತು ಮಂಚಣ್ಣ ಕ್ರಮಿತರನ್ನು ಬೆನ್ನಿಗಿಟ್ಟುಕೊಂಡು ಅಪ್ಪನನ್ನೇ ಅರಮನೆಯಲ್ಲಿ ಕೂಡಿಹಾಕುತ್ತಾನೆ. ಹರಳಯ್ಯ, ಮಧುವರಸರ ಕಣ್ಣು ಕೀಳಿಸಿ ಆನೆ ಕಾಲಿಗೆ ಕಟ್ಟಿ ಎಳೆಸುತ್ತಾನೆ. ಸಿಟ್ಟಿಗೆದ್ದ ಜಗದೇವ, ಅವನೂ ಶರಣರ ಹುಡುಗ, ಬಿಜ್ಜಳನನ್ನು ಕೊಲ್ಲುತ್ತಾನೆ. ಆಮೇಲೆ ಶರಣರ ಬೇಟೆ.

ಈಗ ಒಬ್ಬೊಬ್ಬರನ್ನೇ ಕಟಕಟೆಗೆ ಕರೆಯೋಣ.

ಮೊದಲು ಬಸವಣ್ಣ. ಅವಸರ ಮಾಡಿದರು ಅಂತೀರಲ್ಲ ಸಾರ್, ನಾಟಕ ಸರಿಯಾಗಿ ನೋಡಿದ್ರಾ? ಮದುವೆ ಸುದ್ದಿ ತಂದಾಗ ಮೊದಲು ಅಳುಕಿದವರೇ ಬಸವಣ್ಣ. ನಾವಿನ್ನೂ ಇದಕ್ಕೆ ಸಿದ್ಧರಾಗಿಲ್ಲ, ನಮ್ಮ ಕೆಲಸ ಇನ್ನೂ ಸಾಕಷ್ಟು ಆಗಿಲ್ಲ ಅನ್ನುವ ಭಯ ಅವರದ್ದು. ಅಂದರೆ ಮೇಷ್ಟ್ರು ಹೇಳಿದ ಮಾತನ್ನು ಬಸವಣ್ಣ ಆಗಲೇ ಯೋಚಿಸಿ, ಅದನ್ನು ದಾಟಿ ಮುಂದೆ ಹೋಗಿದ್ದರು. ಜಾತಿ ಇಲ್ಲ ಅಂತ ಊರಿಗೆಲ್ಲ ಹೇಳಿದ ಮೇಲೆ, ಇಬ್ಬರು ಶರಣರು ಬಂದು ನಾವು ಬೀಗರಾಗ್ತೀವಿ ಅಂದಾಗ ಏನನ್ನಬೇಕಿತ್ತು? ಜೊತೇಲಿ ಕೂತು ಉಣ್ಣಿ, ಅನುಭವ ಹೇಳಿ, ಹೆಣ್ಣು ಮಾತ್ರ ಕೊಡಬೇಡಿ ಅನ್ನಬೇಕಿತ್ತಾ? ಹಾಗಂದಿದ್ದರೆ ಕಲ್ಯಾಣ ಉಳೀತಿತ್ತೇನೋ. ಆದರೆ ಅದರೊಳಗೆ ಉಳಿಸಿಕೊಳ್ಳುವಂಥದ್ದು ಏನೂ ಇರುತ್ತಿರಲಿಲ್ಲ.

ಎರಡನೆಯವರು ಹರಳಯ್ಯ, ಮಧುವರಸ. ಇವರ ತಪ್ಪೇನು? ಇವತ್ತು ನಮ್ಮ ಹುಡುಗರಿಗೆ ಏನು ಉಪದೇಶ ಸಿಗುತ್ತೆ ನೆನಪು ಮಾಡಿಕೊಳ್ಳಿ. ಓಡಿಹೋಗಬೇಡಿ, ಅಪ್ಪ ಅಮ್ಮನ್ನ ಒಪ್ಪಿಸಿ ಮದುವೆ ಆಗಿ, ಯಾರೂ ಏನೂ ಅನ್ನಲ್ಲ. ಕಲ್ಯಾಣದಲ್ಲಿ ಯಾರೂ ಓಡಿಹೋಗಲಿಲ್ಲ. ಎರಡೂ ಮನೆಯ ಹಿರಿಯರು ಕೂತು ಒಪ್ಪಿದ ಮದುವೆ ಅದು. ಒಪ್ಪಿದ್ದಕ್ಕೇ ಇಬ್ಬರು ಅಪ್ಪಂದಿರ ಕಣ್ಣು ಹೋಯಿತು. ಹಾಗಾದರೆ ತೊಂದರೆ ಇದ್ದದ್ದು ಓಡಿಹೋಗೋದರಲ್ಲಿ ಅಲ್ಲ, ಒಪ್ಪಿಗೆ ಇಲ್ಲದ್ದರಲ್ಲೂ ಅಲ್ಲ.

ಮೂರನೆಯವನು ಬಿಜ್ಜಳ. ಕಾರ್ನಾಡರ ಬಿಜ್ಜಳ ಹುಟ್ಟಿನಿಂದ ಕ್ಷೌರಿಕ ಜಾತಿಯವನು. ಅವನ ಹಿಂದಿನವರು ಕತ್ತಿ ಹಿಡಿದು ರಾಜ್ಯ ಕಟ್ಟಿ, ಕ್ಷತ್ರಿಯ ಪಟ್ಟ ಕಟ್ಟಿಸಿಕೊಂಡಿದ್ದಾರೆ. ಆದರೂ ಜನರ ಕಣ್ಣಲ್ಲಿ ಅವನು ಯಾರು ಅಂತ ಅವನಿಗೆ ಗೊತ್ತು. ಜಾತಿ ಮೈಮೇಲಿನ ಚರ್ಮದ ಹಾಗೆ ಅಂತ ಅರ್ಥ ಮಾಡಿಕೊಂಡ ರಾಜ ಅವನು. ಅವನ ಮೇಲೆ ನನಗೆ ಮರುಕ ಇದೆ. ಆದರೆ ಅಧಿಕಾರ ಕೈಲಿದ್ದಾಗ ಹರಳಯ್ಯನ ಮನೆ ಮುಂದೆ ಕಾವಲು ಗಟ್ಟಿಯಾಗಲಿಲ್ಲ, ಮಗನ ಸುತ್ತ ಸೇರಿದವರ ಮೇಲೆ ಕಣ್ಣು ಹೋಗಲಿಲ್ಲ. ನಮ್ಮವನೊಬ್ಬ ಕುರ್ಚಿಯಲ್ಲಿ ಕೂತರೆ ಎಲ್ಲ ಸರಿಹೋಗುತ್ತೆ ಅಂತ ನಂಬಿರೋ ಗೆಳೆಯರು ಈ ಪಾತ್ರವನ್ನು ಇನ್ನೊಂದು ಸಲ ನೋಡಬೇಕು. ಬಿಜ್ಜಳನದ್ದು ಕೈಲಾಗದ ತಪ್ಪು. ಕೊಲೆಯ ತಪ್ಪಲ್ಲ.

ನಾಲ್ಕನೆಯವನು ಜಗದೇವ. ಬ್ರಾಹ್ಮಣ ಹುಡುಗ. ಹಠ ಹಿಡಿದು ಗೆಳೆಯ ಮಲ್ಲಿಬೊಮ್ಮನನ್ನು ಅಗ್ರಹಾರದ ಮನೆಯೊಳಕ್ಕೆ ಕರೆದುಕೊಂಡು ಹೋಗುವವನು. ಒಳಗೆ ಬರೋಕೆ ಮಲ್ಲಿಬೊಮ್ಮನಿಗೆ ಭಯ, ಕರೆದುಕೊಂಡು ಹೋಗಿ ತೋರಿಸೋದು ಇವನಿಗೆ ಹಠ. ಇಂಥ ಗೆಳೆಯರು ನಮಗೂ ಇದ್ದಾರೆ, ಇರಲಿ, ಬೇಕು. ಆದರೆ ಅವರ ಸಿಟ್ಟಿನ ಬೆಲೆಯನ್ನು ಕಟ್ಟೋದು ಮಾತ್ರ ಯಾವಾಗಲೂ ಕೇರಿ. ಬಿಜ್ಜಳನ ಕೊಲೆ ಜಗದೇವನ ತಲೆ ಮೇಲೇ ಇದೆ. ಸೋವಿದೇವನಿಗೆ ಸೈನ್ಯ ಬಿಡೋಕೆ ಒಂದು ನೆಪ ಬೇಕಿತ್ತು, ಅದನ್ನೂ ಇವನೇ ಕೊಟ್ಟ. ಇದನ್ನು ಮುಚ್ಚಿಟ್ಟು ಮಾತಾಡಿದರೆ ನಾವು ಪ್ರಾಮಾಣಿಕರಲ್ಲ.

ಆದರೆ ಇಲ್ಲೊಂದು ಮೋಸ ನಡೆಯುತ್ತೆ, ಗಮನಿಸಿ. "ಎರಡೂ ಕಡೆ ಹಿಂಸೆ ಆಯ್ತು" ಅಂತ ಹೇಳುವವರು ಘಟನೆಗಳ ಸರದಿಯನ್ನೇ ಅದಲು ಬದಲು ಮಾಡ್ತಾರೆ. ಮೊದಲು ಸತ್ತವರು ಯಾರು? ಚಪ್ಪಲಿ ಹೊಲಿಯುವವನು ಮತ್ತು ಅವನ ಬೀಗ. ರಾಜ ಸತ್ತದ್ದು ಆಮೇಲೆ. ರಾಜನ ಸಾವಿಗೆ ಚರಿತ್ರೆಯಲ್ಲಿ ಅಧ್ಯಾಯ ಸಿಗುತ್ತೆ, ಹರಳಯ್ಯನ ಸಾವು ಅದರ 'ಹಿನ್ನೆಲೆ' ಆಗುತ್ತೆ.

ಐದನೆಯವನು ಸೋವಿದೇವ. ಆಜ್ಞೆ ಕೊಟ್ಟವನು. ಇದರಲ್ಲಿ ತಕರಾರಿಲ್ಲ. ಆದರೆ ಅವನು ಬುದ್ಧಿ ಬಲಿಯದ, ಅಪ್ಪನ ಮೇಲೆ ಕುದಿಯುವ ಹುಡುಗ. ಅವನ ಕೈಗೆ ಕತ್ತಿ ಕೊಟ್ಟು, ಅದಕ್ಕೆ ಧರ್ಮ ಅಂತ ಹೆಸರಿಟ್ಟವರು ಯಾರು? ದಾಮೋದರ ಭಟ್ಟ ಮತ್ತು ಕ್ರಮಿತ. ಭಟ್ಟನ ವಾದ ನೋಡಿ, ಅವನು ಕಿರುಚೋದಿಲ್ಲ, ಬೈಯೋದಿಲ್ಲ. ಮೇಲು ಕೀಳು ಅನ್ನೋದು ಎಲ್ಲರಿಗೂ ಅವರವರ ಜಾಗ ಕೊಡುವ ವ್ಯವಸ್ಥೆ, ಸಮಾನತೆ ಅನ್ನೋದೇ ದಬ್ಬಾಳಿಕೆ ಅನ್ನುವ ಧಾಟಿಯಲ್ಲಿ ನಯವಾಗಿ ಮಾತಾಡುತ್ತಾನೆ. ಕೇಳುತ್ತಾ ಕೂತರೆ ಹೌದಲ್ಲ ಅನ್ನಿಸಬೇಕು, ಹಾಗೆ. ಆನೆ ಕಾಲಿಗೆ ಹಗ್ಗ ಕಟ್ಟಿದ್ದು ಮಾವುತ ಇರಬಹುದು. ಹಗ್ಗ ಹೊಸೆದದ್ದು ಈ ಮಾತು.

ಈ ಮದುವೆಯೇ ಯಾಕೆ ಅಷ್ಟು ಉರಿಸಿತು? ಹುಡುಗ ಬ್ರಾಹ್ಮಣ, ಹುಡುಗಿ ಸಮಗಾರರವಳು ಆಗಿದ್ದಿದ್ದರೆ? ಯಾರೂ ರಾಜ್ಯ ಸುಡುತ್ತಿರಲಿಲ್ಲ. ಮೇಲಿನ ಗಂಡು ಕೆಳಗಿನ ಹೆಣ್ಣನ್ನು ತಂದರೆ ಶಾಸ್ತ್ರದಲ್ಲಿ ಅದಕ್ಕೆ ಅನುಲೋಮ ಅಂತ ಹೆಸರು. ಮುಖ ಸಿಂಡರಿಸಿದರೂ ಸಹಿಸಿಕೊಳ್ಳುತ್ತೆ. ಕೆಳಗಿನ ಗಂಡಿಗೆ ಮೇಲಿನ ಹೆಣ್ಣು ಬಂದರೆ ಅದು ಪ್ರತಿಲೋಮ. ಬ್ರಾಹ್ಮಣ ಹೆಣ್ಣಿಗೂ ಶೂದ್ರ ಗಂಡಿಗೂ ಹುಟ್ಟಿದ ಮಗುವನ್ನು ಮನುಸ್ಮೃತಿ ಚಂಡಾಲ ಅಂತ ಕರೆಯುತ್ತೆ, ಊರ ಹೊರಗೆ ಹಾಕುತ್ತೆ. ಶೀಲವಂತ, ಕಲಾವತಿ ಮುಟ್ಟಿದ್ದು ಆ ಗೆರೆಯನ್ನು. ಕೊಲೆಯ ತೀರ್ಪು ಅವರು ಹುಟ್ಟುವುದಕ್ಕೂ ಮೊದಲೇ ಬರೆದಿಟ್ಟಿದ್ದರು. ಸೋವಿದೇವ ಜಾರಿ ಮಾಡಿದ, ಅಷ್ಟೇ.

ಬಾಬಾಸಾಹೇಬರು 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲಕ್ಕೆ ಬರೆದ 'ಜಾತಿ ವಿನಾಶ' ಭಾಷಣದಲ್ಲಿ ಇದನ್ನೇ ಬಿಡಿಸಿ ಹೇಳಿದ್ದರು. ಮಂಡಲದವರಿಗೆ ಅದು ಜೀರ್ಣ ಆಗಲಿಲ್ಲ, ಸಮ್ಮೇಳನವನ್ನೇ ರದ್ದು ಮಾಡಿದರು, ಬಾಬಾಸಾಹೇಬರು ತಾವೇ ಅಚ್ಚು ಹಾಕಿಸಿದರು. ಅಲ್ಲಿ ಅವರು ಹೇಳೋದು: ಸಹಭೋಜನದಿಂದ ಜಾತಿ ಹೋಗಲ್ಲ, ರಕ್ತ ಬೆರೆಯಬೇಕು, ಅಂತರ್ಜಾತಿ ಮದುವೆಯೇ ಮದ್ದು. ಆದರೆ ಜನ ಯಾಕೆ ಮದುವೆ ಆಗಲ್ಲ? ಅವರು ಕೆಟ್ಟವರು ಅಂತಲ್ಲ, ಅವರ ಧರ್ಮ ಅವರಿಗೆ ಹಾಗೆ ಕಲಿಸಿದೆ. ಆದ್ದರಿಂದ ಜಗಳ ಆಡಬೇಕಾದ್ದು ಶಾಸ್ತ್ರದ ಪಾವಿತ್ರ್ಯದ ಜೊತೆಗೆ. ಹೊಣೆ ಹೊರಿಸೋ ಕೆಲಸಕ್ಕೆ ಇದಕ್ಕಿಂತ ನೇರವಾದ ದಾರಿ ನನಗೆ ಗೊತ್ತಿಲ್ಲ. ಕೈ ಯಾರದ್ದು ಅಂತ ಕೇಳಿ, ಶಿಕ್ಷೆ ಕೊಡಿ. ಆ ಕೈಗೆ ಧೈರ್ಯ ಕೊಟ್ಟ ಪುಸ್ತಕ ಯಾವುದು ಅಂತಲೂ ಕೇಳಿ.

ಈಗ ನಾನು ಯಾಕೆ ಅವತ್ತು ಸುಮ್ಮನಿದ್ದೆ ಅಂತ ಹೇಳ್ತೀನಿ.

ನಾನು ಬಿಎ ಓದುವಾಗ ನಮ್ಮ ದೊಡ್ಡಪ್ಪನ ಮಗ, ನನಗೆ ಅಣ್ಣ, ನಮ್ಮೂರಿನದೇ ಮೇಲ್ಜಾತಿ ಹುಡುಗಿಯನ್ನು ರಿಜಿಸ್ಟರ್ ಮದುವೆ ಆದ. ರಾತ್ರಿ ಕೇರಿಗೆ ಜನ ನುಗ್ಗಿತು. ಬಾಗಿಲು ಮುರಿದರು. ದೊಡ್ಡಪ್ಪನ ಬಲಗೈ ಮುರಿಯಿತು. ಮಾರನೇ ದಿನ ದೂರು ಕೊಡೋಕೆ ಹೋದರೆ ಠಾಣೆಯಲ್ಲಿ ಕೇಳಿದ ಮೊದಲ ಪ್ರಶ್ನೆ: "ಮಗನಿಗೆ ಬುದ್ಧಿ ಹೇಳೋಕಾಗಲ್ವೇನಯ್ಯಾ ನಿನಗೆ?"

ಆಮೇಲೆ ಶಾಂತಿಸಭೆ. ಊರವರು ಒಂದು ಕಡೆ, ನಾವು ಒಂದು ಕಡೆ. ನಮ್ಮ ಕೇರಿ ಯಜಮಾನರೇ ಎದ್ದು, "ಹುಡುಗ ಅವಸರ ಬಿದ್ದ, ಕ್ಷಮಿಸಬೇಕು ಬುದ್ಧೀ" ಅಂದರು. ಸಭೆ ತಲೆದೂಗಿತು. ನಾನೂ ತಲೆದೂಗಿದೆ. ಭಯ ಇತ್ತು, ಪರೀಕ್ಷೆ ಹತ್ತಿರ ಇತ್ತು, ಹೇಗೋ ಮುಗೀಲಿ ಅನ್ನಿಸಿತ್ತು. ಕಟ್ಟು ಹಾಕಿದ ಕೈ ಎದೆಗೆ ಆನಿಸಿಕೊಂಡು ಕೂತಿದ್ದ ದೊಡ್ಡಪ್ಪ ಮಾತ್ರ ಕೇಳಿದರು: "ಅವಸರ ಮಾಡ್ದೋನು ನನ್ ಮಗ. ಸರಿ ಸ್ವಾಮಿ. ದೊಣ್ಣೆ ತಂದೋರು ಯಾರು, ಅದ್ನೂ ಒಂದ್ ಮಾತು ಹೇಳ್ಬುಡಿ."

ಯಾರೂ ಹೇಳಲಿಲ್ಲ. ಕೇಸು ರಾಜಿ ಆಯಿತು. ಅಣ್ಣ ಅತ್ತಿಗೆ ಬೇರೆ ಊರಿನಲ್ಲಿ ಚೆನ್ನಾಗಿದ್ದಾರೆ. ಆದರೆ ದೊಡ್ಡಪ್ಪ ತೀರಿಕೊಂಡಾಗಲೂ ಅಣ್ಣನಿಗೆ ಹಗಲು ಹೊತ್ತು ಊರಿಗೆ ಬರೋಕೆ ಆಗಲಿಲ್ಲ. ಭಾನುವಾರ ಆ ಮೇಷ್ಟ್ರ ಮಾತಿಗೆ ಸಭೆ ತಲೆದೂಗಿದಾಗ ನನಗೆ ಕಂಡದ್ದು ನನ್ನದೇ ತಲೆ. ಅದಕ್ಕೇ ಮಾತು ಹೊರಡಲಿಲ್ಲ.

ಇದು ನಮ್ಮೊಬ್ಬರ ಮನೆ ಕಥೆಯಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 7 ಜನ ದಲಿತರನ್ನು ಜೀವಂತ ಸುಟ್ಟರು. ಅಲ್ಲಿ ಮದುವೆಯ ವಿಷಯ ಇರಲಿಲ್ಲ, ಆದರೆ ಹೊಣೆಯ ಕಥೆ ಇದೇ. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. 7 ಹೆಣ ಇದೆ, ಕೊಂದವರು ಯಾರೂ ಇಲ್ಲ. ಕೊಂದವರ ಹೆಸರು ಹೇಳದ ಸಮಾಜಕ್ಕೆ ಸತ್ತವರಲ್ಲೇ ತಪ್ಪು ಹುಡುಕೋದು ಬಿಟ್ಟು ಬೇರೆ ದಾರಿ ಇರಲ್ಲ.

ನಾಟಕದ ಮೇಲೂ ನನ್ನದೊಂದು ದೂರಿದೆ. ಅರಮನೆ, ಬಸವಣ್ಣನ ಮನೆ, ಜಗದೇವನ ತಳಮಳ, ಇದಕ್ಕೆಲ್ಲ ಸಿಕ್ಕಷ್ಟು ಹೊತ್ತು ಹರಳಯ್ಯನ ಗುಡಿಸಲಿಗೆ ಸಿಗೋದಿಲ್ಲ. ಜನಪದರೂ ಅಷ್ಟೇ. ಬಸವಣ್ಣ ಒಂದು ಶರಣಿಗೆ ಎರಡು ಶರಣು ಅಂದರು ಅಂತ, ಆ ಋಣ ತೀರಿಸೋಕೆ ಹರಳಯ್ಯ ಮತ್ತು ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಚಪ್ಪಲಿ ಮಾಡಿದರು ಅನ್ನೋ ಕಥೆಯನ್ನು ಕಣ್ಣೀರು ಹಾಕಿ ಕೇಳ್ತೀವಿ. ಒಂದು ನಮಸ್ಕಾರ ಹೆಚ್ಚಾಗಿ ಸಿಕ್ಕಿದ್ದಕ್ಕೆ ಚರ್ಮ ಸುಲಿದುಕೊಡಬೇಕು ಅನ್ನಿಸುವಷ್ಟು ಅವಮಾನ ಒಬ್ಬ ಮನುಷ್ಯ ಉಂಡಿದ್ದ ಅಂತ ಯಾರೂ ಅಳಲ್ಲ. ಚರ್ಮ ಕೊಟ್ಟ ಹರಳಯ್ಯ ಎಲ್ಲರಿಗೂ ಬೇಕು. ಮಗನಿಗೆ ಹೆಣ್ಣು ತಂದ ಹರಳಯ್ಯ ಮಾತ್ರ ಅವಸರದವನು!

ಕೊನೆಗೆ ನಮ್ಮ ಹೊಣೆ. ಸಂಪ್ರದಾಯದ ಲೆಕ್ಕದಲ್ಲಿ ಕಲ್ಯಾಣದ ಶರಣರು 1,96,000. ಅಷ್ಟು ಜನರಿದ್ದೂ ಎರಡು ಮನೆಗೆ ಕಾವಲು ಸಾಲಲಿಲ್ಲ. ಬಸವಣ್ಣನ ಅಳುಕಿನಲ್ಲಿ ಸತ್ಯ ಇದ್ದರೆ ಅದು ಇಲ್ಲಿದೆ: ಮದುವೆ ಬೇಗ ಆಗಲಿಲ್ಲ, ಕಾವಲು ತಡವಾಯಿತು. ಪ್ರೀತಿಸಿದ ಹುಡುಗ ಹುಡುಗಿ ನಮ್ಮ ಸಂಘಟನೆ ಬಾಗಿಲಿಗೆ ಬಂದಾಗ ನಾವೇನು ಮಾಡ್ತೀವಿ? ಫೋಟೊ ಹಾಕಿ ಜೈ ಭೀಮ್ ಅಂತೀವಿ. ಮೂರನೇ ರಾತ್ರಿ ಅವರು ಎಲ್ಲಿ ಮಲಗಿದ್ದಾರೆ ಅಂತ ಕೇಳ್ತೀವಾ? ಹುಡುಗನ ಅಪ್ಪ ಅಮ್ಮ ಊರಲ್ಲೇ ಇದ್ದಾರಲ್ಲ, ಅವರ ಮನೆಗೆ ಒಬ್ಬರಾದರೂ ಹೋಗ್ತೀವಾ?

ವಿಶೇಷ ವಿವಾಹ ಕಾಯ್ದೆ 1954ರಿಂದ ಇದೆ. ಆದರೆ ಅದರ 30 ದಿನದ ನೋಟಿಸೇ ದೊಣ್ಣೆ ಹಿಡಿದವರಿಗೆ ವಿಳಾಸ ಹೇಳಿಕೊಡುತ್ತೆ. 2018ರಲ್ಲಿ ಶಕ್ತಿವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇಂಥ ಜೋಡಿಗಳಿಗೆ ಸುರಕ್ಷಿತ ವಸತಿ ಕೊಡಿ, ಜಿಲ್ಲೆ ಜಿಲ್ಲೆಯಲ್ಲಿ ವಿಶೇಷ ಘಟಕ ಮಾಡಿ ಅಂತ ಸರ್ಕಾರಗಳಿಗೆ ಹೇಳಿದೆ. ಗೆಳೆಯರೇ, ನಾಳೆ ನಿಮ್ಮ ಎಸ್‌ಪಿ ಆಫೀಸಿಗೆ ಹೋಗಿ ಒಂದು ಅರ್ಜಿ ಕೊಡಿ. ಆ ಘಟಕ ಎಲ್ಲಿದೆ, ಅದರ ಫೋನ್ ನಂಬರ್ ಏನು, ವಸತಿ ಎಲ್ಲಿ, ಬರೆದು ಕೊಡಿ ಅಂತ ಕೇಳಿ. ಉತ್ತರ ಬಂದರೂ ಬರದಿದ್ದರೂ ಕಾಮೆಂಟಿನಲ್ಲಿ ಹಾಕಿ. ಜಿಲ್ಲಾವಾರು ಪಟ್ಟಿ ಮಾಡೋಣ.

ಇನ್ನೊಂದು ಸಣ್ಣ ಕೆಲಸ. ಮುಂದಿನ ಸಲ ಯಾರಾದರೂ ಎದ್ದು, ಆ ಮದುವೆ ಆಗದಿದ್ದರೆ ಜೀವ ಉಳೀತಿತ್ತು ಅಂದರೆ, ದಯವಿಟ್ಟು ತಲೆದೂಗಬೇಡಿ. ನಮ್ಮ ದೊಡ್ಡಪ್ಪನ ಪ್ರಶ್ನೆ ಕೇಳಿ. ದೊಣ್ಣೆ ತಂದೋರು ಯಾರು?

ನಾನು ಅವತ್ತು ಕೇಳಬೇಕಿತ್ತು. ಈಗ ಕೇಳ್ತಾ ಇದ್ದೀನಿ.

ಜೈ ಭೀಮ್. ಶರಣು.