ಬ್ರೇಕ್ ಆಯಿಲ್: ತುಂಬಿಸಿದರೆ ಸಾಲದು, ಬದಲಾಯಿಸಬೇಕು

ಅಡಿಕೆ, ಕಾಫಿ, ತರಕಾರಿಗಳನ್ನು ಪೇಟೆಗೆ ಸಾಗಿಸಲು ಹಳೆಯ ಜೀಪು, ಪಿಕಪ್ ಗಾಡಿಗಳನ್ನು ಇಟ್ಟುಕೊಂಡಿರುವ ರೈತರು ಅನೇಕ. ಎಂಜಿನ್ ಆಯಿಲನ್ನು ಅವಧಿಗೆ ಸರಿಯಾಗಿ ಬದಲಾಯಿಸುವವರೂ ಬ್ರೇಕ್ ಆಯಿಲ್ ಕಡಿಮೆಯಾದಾಗ ಒಂದಿಷ್ಟು ಸುರಿದು ಸುಮ್ಮನಾಗುವುದುಂಟು. ಸೋರಿಕೆ ಇಲ್ಲದ ಮೇಲೆ ಬದಲಾಯಿಸುವುದೇಕೆ ಎಂಬುದು ಅವರ ವಾದ. ಈ ವಾದ ಅಪಾಯಕಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಆಯಿಲ್ ಎಂಬ ಹೆಸರೇ ದಾರಿ ತಪ್ಪಿಸುವಂಥದು. ನಮ್ಮ ಹಳೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ಬಳಸುವುದು ಗ್ಲೈಕಾಲ್ ಜಾತಿಯ ದ್ರವ. ಮಳೆಗಾಲದಲ್ಲಿ ಉಪ್ಪು ನೀರೊಡೆಯುವಂತೆ ಇದೂ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ 205 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಕುದಿಯಬಾರದು. ಅದಕ್ಕೆ ಶೇಕಡ 3.7ರಷ್ಟು ನೀರು ಸೇರಿದರೆ 140 ಡಿಗ್ರಿಯಲ್ಲೇ ಕುದಿಯಬಹುದು. ಘಟ್ಟದ ಇಳಿಜಾರಿನಲ್ಲಿ ಹೇರು ತುಂಬಿದ ಗಾಡಿಯ ಬ್ರೇಕನ್ನು ಒಂದೇ ಸಮನೆ ತುಳಿದರೆ ಡ್ರಮ್ಮುಗಳು ಕಾಯುತ್ತವೆ, ದ್ರವ ಕುದಿದು ಆವಿಯಾಗುತ್ತದೆ. ಆವಿ ಒತ್ತಿದಷ್ಟೂ ಕುಗ್ಗುವುದರಿಂದ ಪೆಡಲ್ ಕೆಳಕ್ಕಿಳಿದರೂ ಬ್ರೇಕ್ ಹಿಡಿಯುವುದಿಲ್ಲ. ಗಾಡಿ ತಣಿದ ಮೇಲೆ ಎಲ್ಲವೂ ಸರಿಯಾಗಿ ಕಾಣುವುದರಿಂದ ದೋಷ ಮೆಕ್ಯಾನಿಕ್ಕಿನ ಕಣ್ಣಿಗೂ ಬೀಳದಿರಬಹುದು. ಸೇರಿದ ನೀರು ಸಿಲಿಂಡರುಗಳ ಒಳಮೈಗೆ ತುಕ್ಕನ್ನೂ ಹಿಡಿಸುತ್ತದೆ.

ಮೇಲೆ ಸುರಿದ ಹೊಸ ದ್ರವವು ಚಕ್ರಗಳ ಬಳಿ ನಿಂತ ಹಳೆಯದನ್ನು ಹೊರದೂಡಲಾರದು. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸುವುದು ಅವಶ್ಯಕ. ಮಲೆನಾಡಿನವರಿಗೆ ಮಳೆಗಾಲ ಮುಗಿದು ಕೊಯ್ಲು ಆರಂಭವಾಗುವ ಮುನ್ನ ಸೂಕ್ತ ಸಮಯ.

ಕೆಲಸಕ್ಕೆ ಇಬ್ಬರು ಬೇಕು. ಮೊದಲು ಮೇಲಿನ ಡಬ್ಬಿಯ ಹಳೆಯ ದ್ರವವನ್ನು ಹೀರಿ ತೆಗೆದು ಹೊಸದನ್ನು ತುಂಬಿಸಿ. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಹಿಂದಿನ ಎಡಚಕ್ರದಿಂದ ಪ್ರಾರಂಭಿಸಿ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ ಎಂಬ ಕ್ರಮದಲ್ಲಿ ಬನ್ನಿ. ನಿಪ್ಪಲಿಗೆ ಕೊಳವೆ ಸಿಕ್ಕಿಸಿ ಬಾಟಲಿಗೆ ಬಿಡಿ. ಒಬ್ಬರು ಪೆಡಲನ್ನು ನಿಧಾನವಾಗಿ ಒತ್ತಿ ಹಿಡಿಯಬೇಕು. ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ದ್ರವ ಹೊರಬಂದೊಡನೆ ಬಿಗಿಯಬೇಕು. ಬಿಗಿದ ನಂತರವೇ ಪೆಡಲ್ ಬಿಡತಕ್ಕದ್ದು. ಗುಳ್ಳೆಯಿಲ್ಲದ ತಿಳಿ ದ್ರವ ಬರುವವರೆಗೂ ಹೀಗೆ ಮಾಡಿ. ಮೇಲಿನ ಡಬ್ಬಿ ಎಂದೂ ಬರಿದಾಗಬಾರದು. ಹಳೆಯ ಗಾಡಿಯಲ್ಲಿ ಪೆಡಲಿನ ಕೆಳಗೆ ಮರದ ತುಂಡಿಡಿ. ಪೂರ್ತಿ ತುಳಿದರೆ ತುಕ್ಕು ಹಿಡಿದ ಭಾಗಕ್ಕೆ ಉಜ್ಜಿ ರಬ್ಬರ್ ಕಪ್ ಹರಿಯಬಹುದು.

ಹೊಸದನ್ನು ಹಾಕಿದರೆ ಹಳೆಯ ರಬ್ಬರ್ ಸೋರುತ್ತದೆಂಬ ಹೆದರಿಕೆ ಕೆಲವರಿಗುಂಟು. ಸವೆದ ರಬ್ಬರಿನ ಸುಳಿವು ಇಳಿಜಾರಿನಲ್ಲಿ ಸಿಗುವುದಕ್ಕಿಂತ ಅಂಗಳದಲ್ಲಿ ಸಿಗುವುದೇ ಮೇಲಲ್ಲವೇ? ಮುಚ್ಚಳದ ಮೇಲೆ ನಮೂದಿಸಿದ ದರ್ಜೆಯನ್ನೇ ಬಳಸಿ. ಎಂಜಿನ್ ಆಯಿಲನ್ನಾಗಲಿ, ಟ್ರ್ಯಾಕ್ಟರಿನ ಹೈಡ್ರಾಲಿಕ್ ಆಯಿಲನ್ನಾಗಲಿ ಸುರಿಯಬೇಡಿ. ರಬ್ಬರ್ ಊದಿ ಬ್ರೇಕ್ ಕೆಡುತ್ತದೆ. ಬಹುದಿನ ತೆರೆದಿಟ್ಟ ಡಬ್ಬಿಯದೂ ಬೇಡ. ತೆಗೆದ ದ್ರವ ವಿಷ. ಮಕ್ಕಳಿಗೂ ಬಾವಿಗೂ ದೂರವಿಡಿ.

ಗ್ಯಾರೇಜಿನಲ್ಲಿ ಮಾಡಿಸುವವರು “ಏರ್ ತೆಗೆಯಿರಿ” ಎಂದಷ್ಟೇ ಹೇಳದೆ, ಪೂರ್ತಿ ಬದಲಾಯಿಸಲು ಹೇಳಿ ಎದುರಿಗೆ ನಿಂತು ಮಾಡಿಸಿರಿ. ಕೃಷಿ ಯಂತ್ರೋಪಕರಣಗಳ ತರಬೇತಿಯಲ್ಲೂ ಇದಕ್ಕೆ ಅರ್ಧ ಗಂಟೆ ಮೀಸಲಿಡುವುದು ಒಳಿತು. ಬೇಕಾಗುವುದು ಸುಮಾರು ಒಂದು ಲೀಟರ್ ದ್ರವ, ಅರ್ಧ ದಿನದ ಕೆಲಸ. ಗಾಡಿಯ ಹಿಂದೆ ಕುಳಿತು ಬರುವ ಆಳುಗಳ ಜೀವ ಇದನ್ನೇ ನಂಬಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ.