ವಾಚಕರೊಡನೆ: ಅರಿಯದ ನುಡಿಯಲ್ಲಿ ನಡೆದ ವಿಚಾರಣೆ

ಕಳೆದ ಸಂಚಿಕೆಯ ಈ ಪುಟದಲ್ಲಿ ಐರ್ಲೆಂಡಿನ ವಿದುಷಿ ಮಾರ್ಗರೆಟ್ ಕೆಲ್ಲೆಹರ್ ಅವರು 2018ರಲ್ಲಿ ಪ್ರಕಟಿಸಿದ, ಮಾಮ್‌ಟ್ರಾಸ್ನಾ ಕೊಲೆಗಳನ್ನು ಕುರಿತ ಗ್ರಂಥವನ್ನು ಪರಿಚಯಿಸಿದ್ದೆವು. ಕೊಲೆಯ ಪುಸ್ತಕವೊಂದನ್ನು ಮನೆಮಂದಿಯ ಮಾಸಪತ್ರಿಕೆಯಲ್ಲಿ ಪ್ರಸ್ತಾಪಿಸಬೇಕೇ ಎಂದು ನಾವೇ ಅಳುಕಿದ್ದುಂಟು. ಆದರೆ ನಾರಾಯಣಪೇಟೆ, ಮಕ್ತಲ, ಗದ್ವಾಲ ಮೂರು ಕಡೆಯಿಂದಲೂ ವಾಚಕರು ಪತ್ರ ಬರೆದಿದ್ದಾರೆ. ಒಪ್ಪಿದವರಿಗಿಂತ ವಾದಕ್ಕೆ ನಿಂತವರೇ ಹೆಚ್ಚು. ಅದು ನಮಗೆ ಸಂತೋಷವೇ.

ಆ ಸಂಚಿಕೆ ಕೈಗೆ ಸಿಗದವರಿಗಾಗಿ ಎರಡು ಮಾತು. 1882ರ ಆಗಸ್ಟಿನಲ್ಲಿ ಐರ್ಲೆಂಡಿನ ಪಶ್ಚಿಮದ ಗುಡ್ಡಗಾಡಿನ ಹಳ್ಳಿಯೊಂದರಲ್ಲಿ ಒಂದೇ ಮನೆಯ ಐವರ ಕೊಲೆಯಾಯಿತು. ಹತ್ತು ಮಂದಿಯನ್ನು ಹಿಡಿದರು. ಇಬ್ಬರು ಮಾಫಿ ಸಾಕ್ಷಿಗಳಾದರು. ಮೂವರಿಗೆ ಗಲ್ಲಾಯಿತು. ಅವರಲ್ಲಿ ಮೈಲ್ಸ್ ಜಾಯ್ಸ್ ಎಂಬಾತನಿಗೆ ತಿಳಿದಿದ್ದುದು ಐರಿಷ್ ನುಡಿ. ಡಬ್ಲಿನ್ ನಗರದಲ್ಲಿ ವಿಚಾರಣೆ ನಡೆದದ್ದು ಇಂಗ್ಲಿಷಿನಲ್ಲಿ. ಜೊತೆಯಲ್ಲಿ ಗಲ್ಲಿಗೇರಲಿದ್ದ ಇಬ್ಬರೂ ಆತ ನಿರಪರಾಧಿಯೆಂದು ಹೇಳಿದರೂ ವೈಸರಾಯ್ ಕೇಳಲಿಲ್ಲ. ಅದೇ ವರ್ಷದ ಡಿಸೆಂಬರ್ 15ರಂದು ಗಾಲ್ವೇ ಸೆರೆಮನೆಯಲ್ಲಿ ಆತನನ್ನು ನೇಣಿಗೇರಿಸಲಾಯಿತು. ಐರ್ಲೆಂಡಿನ ಅಧ್ಯಕ್ಷರು ಆತನಿಗೆ ಮರಣೋತ್ತರ ಕ್ಷಮೆಯನ್ನಿತ್ತದ್ದು 2018ರ ಏಪ್ರಿಲಿನಲ್ಲಿ, ಅಂದರೆ ನೂರ ಮೂವತ್ತೈದು ವರ್ಷಗಳ ತರುವಾಯ.

ಗದ್ವಾಲದ ಹಿರಿಯರೊಬ್ಬರು, "ಇದು ಪರದೇಶದ ಹಳೆಯ ಕಥೆ; ಪರಕೀಯರ ಆಳಿಕೆಯಲ್ಲಿ ಹೀಗಾಗುವುದು ಸಹಜ; ಸ್ವಂತ ಸರ್ಕಾರವಿರುವ ನಮಗೆ ಇದರಿಂದೇನು?" ಎಂದು ಕೇಳಿದ್ದಾರೆ. ಅವರ ವಯಸ್ಸಿಗೂ ಅನುಭವಕ್ಕೂ ನಮಸ್ಕರಿಸಿ ಕೊಡಗಿನ ಸಂಗತಿಯೊಂದನ್ನು ನೆನಪಿಸುತ್ತೇವೆ. ಕುಶಾಲನಗರ ತಾಲ್ಲೂಕಿನ ಒಬ್ಬ ಆದಿವಾಸಿ ಕೂಲಿಕಾರನ ಹೆಂಡತಿ 2020ರಲ್ಲಿ ಕಾಣೆಯಾದಳು. ಕಾಣೆಯಾಗಿದ್ದಾಳೆಂದು ದೂರಿತ್ತವನು ಗಂಡನೇ. ನೆರೆಯ ಪಿರಿಯಾಪಟ್ಟಣ ಸೀಮೆಯಲ್ಲಿ ಸಿಕ್ಕಿದ ಅಸ್ಥಿಪಂಜರವನ್ನು ಆಕೆಯದೆಂದು ಬಗೆದು ಗಂಡನ ಮೇಲೆ ಕೊಲೆಯ ಆರೋಪ ಹೊರಿಸಿದರು. ಆತ ವರ್ಷಕ್ಕೂ ಮಿಕ್ಕಿ ಸೆರೆಯಲ್ಲಿದ್ದ. 2025ರ ಏಪ್ರಿಲ್ ಒಂದರಂದು ಸತ್ತಳೆನಿಸಿದ್ದ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಪರಿಚಿತರ ಕಣ್ಣಿಗೆ ಬಿದ್ದಳು! ಅದೇ ತಿಂಗಳು ಮೈಸೂರಿನ ನ್ಯಾಯಾಲಯ ಆತನನ್ನು ಗೌರವಪೂರ್ವಕವಾಗಿ ಬಿಡುಗಡೆ ಮಾಡಿ, ಒಂದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಆತನಿಗೆ ಶಿಕ್ಷೆಯಾಗಿರಲಿಲ್ಲ, ವಿಚಾರಣೆ ಇನ್ನೂ ನಡೆದಿತ್ತು ಎಂಬುದು ನಿಜ. ಆದರೆ ಆ ದಿನ ಆಕೆ ಯಾರ ಕಣ್ಣಿಗೂ ಬೀಳದೆ ಹೋಗಿದ್ದರೆ? ಇದು ಪರದೇಶವೂ ಅಲ್ಲ, ಹಳೆಯ ಕಥೆಯೂ ಅಲ್ಲ.

ಮಕ್ತಲದ ಉಪಾಧ್ಯಾಯರೊಬ್ಬರ ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ಇಂಥ ಪುಸ್ತಕಗಳನ್ನು ಓದುವವರು ಸೆರೆಯಲ್ಲಿರುವವನಿಗಾಗಿ ಮರುಗುತ್ತಾ ಕೊಲೆಯಾದವರನ್ನು ಮರೆತುಬಿಡುತ್ತಾರೆ, ಸತ್ತವರ ಹೆತ್ತವರಿಗೆ ಯಾರು ದಿಕ್ಕು, ಎಂಬುದು ಅವರ ಪ್ರಶ್ನೆ. ಮಾಮ್‌ಟ್ರಾಸ್ನಾದ ಐವರ ವಿಷಯದಲ್ಲಿ ಈ ಮರೆವು ನಡೆದೇ ಇದೆ. ನಮ್ಮ ಪರಿಚಯ ಲೇಖನವೂ ಅವರನ್ನು ಒಂದೇ ವಾಕ್ಯದಲ್ಲಿ ದಾಟಿತ್ತು. ಆದರೆ ಸತ್ತವರ ಕಡೆಯವರಿಗೆ ಬೇಕಾದದ್ದು ಯಾರೋ ಒಬ್ಬನ ಸೆರೆವಾಸವೇ, ನಿಜವಾದ ಅಪರಾಧಿಯೇ? ವಿಜಯವಾಡದ ಬಳಿಯ ಇಬ್ರಾಹಿಂಪಟ್ಟಣದ ಹಾಸ್ಟೆಲಿನಲ್ಲಿ 2007ರ ಡಿಸೆಂಬರಿನಲ್ಲಿ ವಿದ್ಯಾರ್ಥಿನಿಯೊಬ್ಬಳ ಕೊಲೆಯಾದದ್ದು ಆಗ ನಾವೆಲ್ಲ ಇದ್ದ ಅವಿಭಜಿತ ಆಂಧ್ರಪ್ರದೇಶದಲ್ಲಿಯೇ. ಬಡ ತರುಣನೊಬ್ಬನಿಗೆ 2010ರಲ್ಲಿ ಶಿಕ್ಷೆಯಾಯಿತು. ಆತ ಅಪರಾಧಿಯಲ್ಲವೆಂದು ಮೊದಲಿನಿಂದಲೂ ಹೇಳುತ್ತಾ ಬಂದವರು ಬೇರೆ ಯಾರೂ ಅಲ್ಲ, ಮಗಳನ್ನು ಕಳೆದುಕೊಂಡ ತಾಯಿತಂದೆಯರು. 2017ರ ಮಾರ್ಚ್ 31ರಂದು ಹೈದರಾಬಾದಿನ ಹೈಕೋರ್ಟು ಆತನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಅಷ್ಟರಲ್ಲಿ ಆತ ಎಂಟು ವರ್ಷಗಳಿಗೂ ಹೆಚ್ಚು ಕಾಲ ಸೆರೆಯಲ್ಲಿ ಕಳೆದಿದ್ದ. ತನಿಖೆಯನ್ನು ಮತ್ತೆ ಹೊಸದಾಗಿ, ಸಿ.ಬಿ.ಐ.ನಿಂದ, ಆರಂಭಿಸಬೇಕಾಯಿತು. ಉಪಾಧ್ಯಾಯರು ಈ ತಾಯಿತಂದೆಯರ ಕಡೆಯಿಂದಲೂ ಒಮ್ಮೆ ಯೋಚಿಸಬೇಕೆಂದು ನಮ್ಮ ವಿನಂತಿ.

ಮಕ್ತಲದಿಂದಲೇ ಇನ್ನೊಬ್ಬರು ಮಾಂಡವ್ಯ ಋಷಿಯ ಕಥೆಯನ್ನು ನೆನೆದಿದ್ದಾರೆ. ಕಳ್ಳರು ಆಶ್ರಮದಲ್ಲಿ ಅಡಗಿಕೊಂಡರು. ರಾಜಭಟರು ಕೇಳಿದಾಗ ಋಷಿ ಮಾತಾಡಲಿಲ್ಲ. ಮೌನವೇ ಅಪರಾಧವಾಗಿ ಶೂಲಕ್ಕೇರಿಸಿದರು. ಬಹಳ ಉಚಿತವಾದ ಸ್ಮರಣೆ. ಆದರೆ ಋಷಿಯದು ತಾನೇ ಕೈಗೊಂಡ ಮೌನವ್ರತ. ಮೈಲ್ಸ್ ಜಾಯ್ಸನದು ಹೇರಿದ ಮೌನ. ತನ್ನ ಪ್ರಾಣಕ್ಕೆ ಸಂಬಂಧಿಸಿದ ಮಾತುಗಳು ಎದುರಿಗೇ ನಡೆದಿರುವಾಗ, ಅರ್ಥವಾಗದೆ ಸುಮ್ಮನೆ ನಿಂತವನ ಮುಖದಲ್ಲಿ ಜನ ಅಪರಾಧವನ್ನೇ ಓದುತ್ತಾರೆ.

ನಾರಾಯಣಪೇಟೆಯ ಸೋದರಿಯೊಬ್ಬರ ಪತ್ರವನ್ನು ಕೊನೆಗೆ ಉಳಿಸಿಕೊಂಡಿದ್ದೇವೆ. ಅವರ ಯಜಮಾನರನ್ನು ಕೊಲೆ ಮೊಕದ್ದಮೆಯೊಂದರಲ್ಲಿ ಪಂಚರಾಗಿ ಕರೆದಿದ್ದರಂತೆ. ತೆಲುಗಿನಲ್ಲಿ ಬರೆದಿದ್ದ ಪಂಚನಾಮೆಗೆ, ಓದಿ ಹೇಳುವವರಿಲ್ಲದೆ, ಅವರು ಸಹಿ ಹಾಕಿ ಬಂದರು. ಈಗ ಸಾಕ್ಷಿ ಹೇಳಲು ಸಮನ್ಸ್ ಬಂದಿದೆ. "ನಿಮ್ಮ ಪುಸ್ತಕದ ವಿಚಾರ ಓದಿದ ರಾತ್ರಿಯಿಂದ ಅವರಿಗೆ ನಿದ್ದೆಯಿಲ್ಲ. ಆ ಹಾಳೆಯಲ್ಲಿ ಏನಿತ್ತೋ, ಯಾರ ಕೊರಳಿಗೆ ಬರುತ್ತದೋ" ಎಂದು ಆ ತಾಯಿ ಬರೆದಿದ್ದಾರೆ. ಕೆಲ್ಲೆಹರ್ ಅವರ ಗ್ರಂಥವನ್ನು ಇಷ್ಟು ಹತ್ತಿರದಿಂದ ಓದಿದವರು ಇನ್ನೊಬ್ಬರಿರಲಾರರು. ಸಂತೆಯ ತೆಲುಗು ನಮಗೆಲ್ಲ ಬರುತ್ತದೆ. ಮಕ್ಕಳು ಓದುವುದೂ ಅದರಲ್ಲಿಯೇ. ಆದರೆ 1956ರಲ್ಲಿ ಈ ಸೀಮೆ ಆಂಧ್ರಪ್ರದೇಶಕ್ಕೆ ಸೇರಿದಂದಿನಿಂದ ಮನೆಯಲ್ಲಿ ಕನ್ನಡವನ್ನೇ ಆಡಿಕೊಂಡು ಬಂದ ಹಿರಿಯರಿಗೆ ಕಚೇರಿಯ ತೆಲುಗು ಬೇರೆಯೇ ಒಂದು ಭಾಷೆ.

ಆ ಮಹನೀಯರಿಗೆ ಬಲ್ಲವರನ್ನು ಕೇಳಿ ಇಷ್ಟು ತಿಳಿಸುತ್ತೇವೆ. ಸಾಕ್ಷಿಯ ಮಾತನ್ನು ಬರೆದುಕೊಂಡ ಮೇಲೆ ಅವನಿಗೆ ಓದಿ ಹೇಳಬೇಕು. ಬರೆದ ಭಾಷೆ ಅವನಿಗೆ ತಿಳಿಯದಿದ್ದರೆ, ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ, ತೆರೆದ ನ್ಯಾಯಾಲಯದಲ್ಲಿ ಅವನಿಗೆ ಅದನ್ನು ಅನುವಾದಿಸಿ ಹೇಳಬೇಕು. 1973ರ ದಂಡ ಪ್ರಕ್ರಿಯಾ ಸಂಹಿತೆಯ 278 ಮತ್ತು 279ನೆಯ ಪ್ರಕರಣಗಳು ಇದನ್ನೇ ವಿಧಿಸಿದ್ದವು. 2024ರ ಜುಲೈ ಒಂದರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಈ ಏರ್ಪಾಡು ಉಳಿದಿದೆ. ಆದರೆ ಬಾಯಿಬಿಟ್ಟು ಕೇಳದವನಿಗೆ ಭಾಷೆ ಬರುತ್ತದೆಂದೇ ಎಲ್ಲರೂ ಎಣಿಸುತ್ತಾರೆ. ಆದ್ದರಿಂದ ಕಟಕಟೆ ಏರಿದ ಕೂಡಲೇ ಅವರು, "ನನಗೆ ತೆಲುಗು ಓದಲು ಬಾರದು, ಕನ್ನಡದಲ್ಲಿ ಹೇಳುತ್ತೇನೆ" ಎಂದು ಕೋರಲಿ. ಪಂಚನಾಮೆಯನ್ನು ತೋರಿಸಿದಾಗ, ಅದನ್ನು ತಮಗೆ ಓದಿ ಹೇಳಿರಲಿಲ್ಲವೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಲಿ. ಕಣ್ಣಾರೆ ಕಂಡದ್ದನ್ನಷ್ಟೇ ಹೇಳಲಿ. ಅದು ಯಾವ ಪಕ್ಷಕ್ಕೆ ಅನುಕೂಲವೆಂಬ ಚಿಂತೆ ಅವರದಲ್ಲ. ಅದಕ್ಕೂ ಮುನ್ನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ವಕೀಲರೊಬ್ಬರ ಸಲಹೆ ಪಡೆಯುವುದು ಒಳ್ಳೆಯದು.

ಸಮನ್ಸಿನ ತಾರೀಖು ಮುಗಿದ ಮೇಲೆ, ಏನಾಯಿತೆಂದು ಆ ಸೋದರಿ ನಮಗೆ ಎರಡು ಸಾಲು ಬರೆಯಬೇಕಾಗಿ ಕೋರುತ್ತೇವೆ.