ಸಹಿ ಇಲ್ಲದ ಕರಾರು

ಬಿಕಾಂ ಓದೋರಿಗೆಲ್ಲ 1872ರ ಕಾಂಟ್ರಾಕ್ಟ್ ಆಕ್ಟ್ ಬಾಯಿಪಾಠ ಅಲ್ವಾ? ಎರಡೂ ಕಡೆ ಒಪ್ಪಿಗೆ ಬೇಕು, ಕನ್ಸಿಡರೇಶನ್ ಬೇಕು. ಈಗ ಬೈಬಲ್‌ನ ಆದಿಕಾಂಡ 9ನೇ ಅಧ್ಯಾಯ ನೋಡಿ. ಪ್ರಳಯದ ನೀರು ಇಳಿದ ಮೇಲೆ ದೇವರು ನೋಹನ ಜೊತೆ ಮಾತ್ರ ಅಲ್ಲ, ಹಕ್ಕಿ, ದನ, ಕಾಡುಪ್ರಾಣಿಗಳ ಜೊತೆಗೂ ಒಡಂಬಡಿಕೆ ಮಾಡ್ತಾನೆ. ಸಹಿ ಹಾಕೋಕೆ ಬಾರದವರೂ ಅದರಲ್ಲಿ ಪಾಲುದಾರರು!

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೊಪ್ಪಿನ ಬೆಟ್ಟವೂ ನನಗೆ ಹಾಗೇ ಕಾಣುತ್ತೆ. ಬ್ರಿಟಿಷರ ಕಾಲದಿಂದ ಬಂದ ಸೌಲಭ್ಯ: ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ. ಸೊಪ್ಪು, ದರಕು ನಮಗೆ. ಜಾಗ ಸರ್ಕಾರದ್ದು.

ಈ ಹಕ್ಕು ಎಲ್ಲರಿಗೂ ನೆನಪಿದೆ. ಕಾಯೋ ಜವಾಬ್ದಾರಿ?

1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿ ಕಡೆ ಜನ ಕಾಡಿಗೆ ನಡೆದು, ಕಡಿಯೋರ ಎದುರೇ ಮರ ಅಪ್ಪಿ ನಿಂತ್ರು. ಅದೇ ಅಪ್ಪಿಕೋ. ಅವರ ಘೋಷಣೆ: ಉಳಿಸು, ಬೆಳೆಸು, ಬಳಸು. ‘ಬಳಸು’ ಬರೋದು ಕೊನೇಲಿ, ಗಮನಿಸಿ.

ಕರಾರು ಮುರಿದ್ರೆ ಎದುರಿನವರು ಕೋರ್ಟಿಗೆ ಹೋಗ್ತಾರೆ. ಬೆಟ್ಟ ಹೋಗಲ್ಲ. ಅದಕ್ಕೇ ಮಾತು ಉಳಿಸ್ಕೊಳ್ಳೋ ಭಾರ ಪೂರ್ತಿ ನಮ್ಮ ಮೇಲೆ.

ನಿಮ್ಮನೆ ಬೆಟ್ಟದಲ್ಲಿ ಈಗ ಎಳೆ ಸಸಿ ಎಷ್ಟಿದೆ? ನೋಡ್ಕಂಡು ಬಂದು ಕಮೆಂಟ್ ಹಾಕಿ. 🌱